ರಕ್ತದಲ್ಲೇ ಬಂದಿದೆಯೇ?

"ಹಾಡು ಅವರಿಗೆ ರಕ್ತದಲ್ಲೇ ಬಂದಿದೆ" ಎನ್ನುತ್ತೇವೆ. ನೆಂಟಸ್ತಿಕೆಗೂ ರಕ್ತಸಂಬಂಧವೆಂದೇ ಹೆಸರು. ಮಾತು ಚೆನ್ನಾಗಿದೆ, ಆದರೆ ರಕ್ತದ ತುಂಬ ಓಡಾಡುವ ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲ, ವಂಶಗುಣ ಹೊರುವ ವರ್ಣತಂತುಗಳೂ ಇಲ್ಲ. ಸುಮಾರು 120 ದಿನ ದುಡಿದು ಸಾಯುತ್ತವೆ, ಅಷ್ಟೆ. ಬಿಳಿ ಕಣಗಳಲ್ಲಿ ಡಿಎನ್‌ಎ ಇದೆ ನಿಜ, ಅದು ಮಕ್ಕಳಿಗೆ ಹೋಗುವುದಿಲ್ಲ. ರಕ್ತ ಹಾಕಿಸಿಕೊಂಡ ಮೇಲೆ ಕೊಟ್ಟವರ ಸ್ವಭಾವ ಬಂತು ಎಂಬುದು ಕಟ್ಟುಕತೆ.

ಡಿಎನ್‌ಎ ಹಂಚಿಕೆಯ ಬಗೆಗೂ ಇಂಥದ್ದೇ ತಪ್ಪು ಕಲ್ಪನೆ ಇದೆ. ಜೀವಕೋಶ ಒಡೆದು ಎರಡಾಗುತ್ತದೆ ಎಂದೊಡನೆ ಅಣ್ಣತಮ್ಮಂದಿರ ಪಾಲು ನೆನಪಾಗುತ್ತದೆ: ಇರುವುದು 46 ವರ್ಣತಂತು, ನಿನಗೆ 23, ನನಗೆ 23. ಹಾಗೇ ನಡೆದಿದ್ದರೆ ಐದಾರು ಸಲ ಒಡೆಯುವಷ್ಟರಲ್ಲಿ ಮನೆ ಬರಿದಾಗುತ್ತಿತ್ತು. ಕೋಶ ಒಡೆಯುವ ಮೊದಲೇ ಸುಮಾರು ಎರಡು ಮೀಟರ್ ಉದ್ದದ ತನ್ನ ಡಿಎನ್‌ಎಯನ್ನೆಲ್ಲ ನಕಲು ಮಾಡಿಕೊಳ್ಳುತ್ತದೆ. ಜೋಡಿ ಎಳೆಗಳು ಬಿಚ್ಚಿಕೊಂಡು, ಒಂದೊಂದು ಹಳೆ ಎಳೆಗೂ ಎದುರಾಗಿ ಹೊಸ ಎಳೆ ಬೆಳೆಯುತ್ತದೆ. ಆದ್ದರಿಂದ ಮರಿಕೋಶಗಳಲ್ಲಿ ಯಾವುದು ಅಸಲಿ, ಯಾವುದು ನಕಲಿ ಎಂದು ಕೇಳಿದರೆ ಉತ್ತರವಿಲ್ಲ. ಎರಡರಲ್ಲೂ ಅರ್ಧ ಹಳತು, ಅರ್ಧ ಹೊಸತು. ಬ್ಯಾಕ್ಟೀರಿಯಾಗಳನ್ನು ಮೊದಲು ಭಾರದ ಸಾರಜನಕದಲ್ಲಿ, ಆಮೇಲೆ ಹಗುರದ್ದರಲ್ಲಿ ಬೆಳೆಸಿ, ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ವಿಜ್ಞಾನಿಗಳು 1958ರಲ್ಲಿ ಇದನ್ನು ಸಾಬೀತು ಮಾಡಿದರು. ಮನುಷ್ಯನ ಕೋಶದಲ್ಲಿ ಈ ನಕಲಿಗೆ ಎಂಟು ಗಂಟೆಯಷ್ಟು ಬೇಕು, ಒಡೆಯಲು ಒಂದು ಗಂಟೆ ಸಾಕು. ತಮಾಷೆಯೆಂದರೆ, ನಕಲು ನಡೆಯುವ ಈ ಹೊತ್ತನ್ನೇ ಹಳೆಯ ಪುಸ್ತಕಗಳು 'ವಿಶ್ರಾಂತಿ ಹಂತ' ಎಂದವು. ಸೂಕ್ಷ್ಮದರ್ಶಕಕ್ಕೆ ಏನೂ ಕಾಣಲಿಲ್ಲವಲ್ಲ! 46 ಎಂಬ ಲೆಕ್ಕವೂ ಹಾಗೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳೇ 48 ಎಂದು ನಂಬಿದ್ದರು. ಸರಿಯಾಗಿ ಎಣಿಸಿದ್ದು 1956ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ.

ನಿಜವಾದ ಪಾಲು ಆಗುವುದು ಅಂಡಾಣು, ವೀರ್ಯಾಣುಗಳು ತಯಾರಾಗುವಾಗ ಮಾತ್ರ. 23 ಜೋಡಿಗಳಲ್ಲಿ ಒಂದೊಂದರಿಂದ ಒಂದೊಂದನ್ನು ಆರಿಸಿದರೇ 83 ಲಕ್ಷಕ್ಕೂ ಮೀರಿದ ಬಗೆಗಳಾಗುತ್ತವೆ. ಜೋಡಿಗಳು ನಡುನಡುವೆ ತುಂಡು ಅದಲುಬದಲು ಮಾಡಿಕೊಳ್ಳುವುದು ಬೇರೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಅಜ್ಜನಂತೆ, ಇನ್ನೊಬ್ಬಳು ಯಾರಂತೆಯೂ ಇಲ್ಲದಿದ್ದರೆ ಅಚ್ಚರಿಯೇನಿಲ್ಲ.

ಇನ್ನು, ಸೊಸೆ ಹೆಣ್ಣನ್ನೇ ಹೆತ್ತಳು ಎಂಬ ದೂರು. ಅಮ್ಮನ ಅಂಡಾಣುವಿನಲ್ಲಿ ಇರುವ, ಲಿಂಗ ನಿರ್ಧರಿಸುವ ವರ್ಣತಂತು ಎಕ್ಸ್ ಮಾತ್ರ. ಎಕ್ಸ್ ಬಂದು ಹೆಣ್ಣೋ, ವೈ ಬಂದು ಗಂಡೋ ಎಂಬುದು ಅಪ್ಪನ ಯಾವ ವೀರ್ಯಾಣು ಬಂದು ಸೇರಿತು ಎಂಬುದರ ಮೇಲೆ ನಿಂತಿದೆ, ಅದು ಅವನ ಕೈಯಲ್ಲೂ ಇಲ್ಲ. ನೆಟಿ ಸ್ಟೀವನ್ಸ್ ಎಂಬಾಕೆ ಹಿಟ್ಟಿನ ಹುಳುಗಳಲ್ಲಿ ಇಂಥದ್ದನ್ನು ಕಂಡದ್ದು 1905ರಲ್ಲಿ. ಆ ದೂರು ಮಾತ್ರ ಇನ್ನೂ ನಿಂತಿಲ್ಲ.

ವಂಶ ಬೆಳೆಯಲು ಮೊಮ್ಮಗನೇ ಬೇಕು ಎನ್ನುವ ಅತ್ತೆಗೆ ಒಂದು ಸುದ್ದಿ ಇದೆ. ಕೋಶಕೇಂದ್ರದ ಹೊರಗೆ, ಮೈಟೊಕಾಂಡ್ರಿಯಾದಲ್ಲಿ ಇರುವ ಚೂರು ಡಿಎನ್‌ಎ ತಾಯಿಯಿಂದಲೇ ಬರುತ್ತದೆ. ಅತ್ತೆಯದು ಅವರ ಮಗನವರೆಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ಮೊಮ್ಮಗ ಹುಟ್ಟಿದರೂ ಅವನಲ್ಲಿ ಇರುವುದು ಸೊಸೆಯದು. ಅತ್ತೆಯದು ಮುಂದೆ ಹೋಗಬೇಕಾದರೆ ಅವರ ಮಗಳು ಹೆರಬೇಕು.