ಸ್ಕ್ರೂಗೆ ಕೈ ಹಾಕುವ ಮುನ್ನ

ಆಷಾಢದ ಗಾಳಿಗೆ ತೋಟದ ದಾರಿಗೆ ಅಡ್ಡಲಾಗಿ ಮರ ಬಿದ್ದ ಬೆಳಿಗ್ಗೆಯೇ ಚೈನ್ ಸಾ ಮುನಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸೌದೆ ಕೊಯ್ದು ಅಟ್ಟಕ್ಕೇರಿಸಿದ್ದ ಯಂತ್ರ, ಹಗ್ಗವನ್ನು ಹತ್ತು ಸಲ ಎಳೆದರೆ ಒಮ್ಮೆ ಕೆಮ್ಮುತ್ತದೆ. ಸ್ಟಾರ್ಟ್ ಆದರೂ ರೇಸ್ ಕೊಟ್ಟ ಕೂಡಲೇ ಕುಸಿಯುತ್ತದೆ. ಆಗ ಸಣ್ಣ ಸ್ಕ್ರೂಡ್ರೈವರ್ ಹುಡುಕದ ಕೈ ಮಲೆನಾಡಿನಲ್ಲಿ ಕಡಿಮೆ. ಕುಣಿಯಲಾರದವಳು ನೆಲ ಡೊಂಕೆಂದಂತೆ, ಯಂತ್ರದ ಎಲ್ಲ ಕಾಯಿಲೆಗೂ ಕಾರ್ಬುರೇಟರೇ ಹೊಣೆ. ಆದರೆ ಬೇಸಿಗೆಯಲ್ಲಿ ಸರಿಯಿದ್ದ ಸ್ಕ್ರೂ ಅಟ್ಟದಲ್ಲಿ ಕೂತಲ್ಲೇ ತಿರುಗಿರಲು ಸಾಧ್ಯವೆ? ಬದಲಾಗಿರುವುದು ಬೇರೇನೋ.

ಟ್ಯಾಂಕಿನಿಂದ ಶುರು

ಮೊದಲ ಅನುಮಾನ ಹಳೆಯ ಪೆಟ್ರೋಲಿನ ಮೇಲಿರಲಿ. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲನ್ನೂ ಕರೆದುಕೊಂಡು ತಳಕ್ಕಿಳಿಯುತ್ತದೆ. ಎಂಜಿನ್ ಕುಡಿಯುವುದು ಆ ತಳದಿಂದಲೇ. ಹಳೆಯದನ್ನು ತೆಗೆದು ಹೊಸ ಮಿಶ್ರಣ ಹಾಕಿ: ಕೈಪಿಡಿ 50:1 ಎಂದರೆ ಲೀಟರಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್, 25:1 ಎಂದರೆ 40. ಮುಚ್ಚಳದ ಅಂದಾಜು ಬೇಡ. ಪಿಸ್ಟನ್ನಿಗೂ ಬೇರಿಂಗಿಗೂ ಪೆಟ್ರೋಲಿನಲ್ಲಿ ಬೆರೆತು ಬರುವ ಈ ಎಣ್ಣೆ ಬಿಟ್ಟರೆ ಬೇರೆ ಗತಿಯಿಲ್ಲ.

ಟ್ಯಾಂಕಿನೊಳಗಿನ ಫಿಲ್ಟರನ್ನು ಬಗ್ಗಿಸಿದ ತಂತಿಯಿಂದ ಎಳೆದು ನೋಡಿ. ಐದು ನಿಮಿಷ ಓಡಿ ನಿಲ್ಲುವ ಯಂತ್ರ, ಮುಚ್ಚಳ ಸಡಿಲಿಸಿದಾಗ ಮತ್ತೆ ಓಡಿದರೆ ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ ಕಟ್ಟಿದೆ ಎಂದರ್ಥ.

ಉಸಿರಿನ ದಾರಿ

ಏರ್ ಫಿಲ್ಟರಿನಲ್ಲಿ ಮರದ ಹುಡಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೊಗೆ ಏಳುತ್ತದೆ. ಸೈಲೆನ್ಸರಿನ ಕಿಡಿ ತಡೆಯುವ ಜಾಲರಿಯಲ್ಲಿ ಮಸಿ ಕಟ್ಟಿದರೆ ರೇಸ್ ಏರುವುದೇ ಇಲ್ಲ. ಪ್ಲಗ್ ಬಿಚ್ಚಿದರೆ ಒಳಗಿನ ಕಥೆ ತಿಳಿಯುತ್ತದೆ: ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಕ್ಷೇಮ, ಒದ್ದೆ ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.5 ಮಿ.ಮೀ.

ಇಷ್ಟಾದ ಮೇಲೆ ಕಾರ್ಬುರೇಟರ್. ಬೈಕಿನದರಲ್ಲಿರುವ ಫ್ಲೋಟ್ ಇದರಲ್ಲಿಲ್ಲ, ಏಕೆಂದರೆ ಚೈನ್ ಸಾ ಮಗ್ಗುಲಾಗಿ, ತಲೆಕೆಳಗಾಗಿಯೂ ಓಡಬೇಕು. ಆ ಕೆಲಸವನ್ನು ತೆಳ್ಳನೆಯ ಡಯಾಫ್ರಾಮ್ ಮಾಡುತ್ತದೆ. ಹಳತಾಗಿ ಬಿರುಸಾದರೆ ಅದು ಮಿಡಿಯದು. ಅದಕ್ಕೆ ಮದ್ದು ಹೊಸ ಕಿಟ್ ಮಾತ್ರ.

ರೇಸ್ ಬಿಟ್ಟರೂ ಎಂಜಿನ್ ಇಳಿಯಲು ಸತಾಯಿಸುತ್ತಿದೆಯೆ? ಮಗ್ಗುಲಿಗೆ ವಾಲಿಸಿದರೆ ಸದ್ದು ಏರಿಳಿಯುತ್ತಿದೆಯೆ? ಕ್ರ್ಯಾಂಕಿನ ಸೀಲ್ ಅಥವಾ ಕಾರ್ಬುರೇಟರಿನ ಹಿಂದಿನ ರಬ್ಬರ್ ಬಿರಿದು ಕಳ್ಳಗಾಳಿ ನುಗ್ಗುತ್ತಿರಬಹುದು. ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಟ್ಟರೆ ಸಾವಿರದ ರಿಪೇರಿ ಹಲವು ಸಾವಿರಕ್ಕೆ ಹೋಗುತ್ತದೆ.

ಕಿವಿ ಕೊಟ್ಟು ತಿರುಗಿಸಿ

ಈಗ ಸ್ಕ್ರೂಡ್ರೈವರ್ ಹಿಡಿಯಬಹುದು. ಮೂರು ಸ್ಕ್ರೂಗಳು: ಕಡಿಮೆ ವೇಗಕ್ಕೆ ಎಲ್, ಹೆಚ್ಚಿನ ವೇಗಕ್ಕೆ ಎಚ್, ಮತ್ತೆ ಐಡಲ್. ಕೆಲವು ಹೊಸ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ಸೇ ಈ ಕೆಲಸ ಮಾಡುತ್ತದೆ, ಅವುಗಳ ತಂಟೆಗೆ ಹೋಗಬೇಡಿ. ಎಂಜಿನ್ ಬಿಸಿಯಾಗಿರಲಿ, ಬಾರ್ ಯಾವುದಕ್ಕೂ ತಾಗದಿರಲಿ, ಮುಂದೆ ಯಾರೂ ನಿಲ್ಲದಿರಲಿ. ಎಲ್ ಸ್ಕ್ರೂ ಒಳಗೆ ತಿರುಗಿಸಿದರೂ ಹೊರಗೆ ತಿರುಗಿಸಿದರೂ ವೇಗ ತಗ್ಗುತ್ತದೆ. ನಡುವಿನ ಜಾಗದಿಂದ ತುಸು ಹೊರಗೆ ನಿಲ್ಲಿಸಿದರೆ ರೇಸಿಗೆ ತಡವರಿಸದೆ ಏಳುತ್ತದೆ. ಐಡಲನ್ನು ಚೈನ್ ತಿರುಗದಷ್ಟಕ್ಕೆ ಇಳಿಸಿ.

ಜನ ಮೋಸ ಹೋಗುವುದು ಎಚ್ ಸ್ಕ್ರೂವಿನಲ್ಲಿ. ಒಳಗೆ ತಿರುಗಿಸಿದಷ್ಟೂ ಸದ್ದು ಮೊನಚಾಗುತ್ತದೆ, ಯಂತ್ರಕ್ಕೆ ಶಕ್ತಿ ಬಂದಂತೆ ಕಾಣುತ್ತದೆ. ವಾಸ್ತವವಾಗಿ ಪೆಟ್ರೋಲ್ ಕಡಿಮೆಯಾಗಿರುತ್ತದೆ, ಅದರೊಂದಿಗೆ ಎಣ್ಣೆಯೂ. ಅದೇ ಕಿರುಚಾಟದಲ್ಲಿ ಪಿಸ್ಟನ್ ಗೀರಿ ಕಚ್ಚಿಕೊಳ್ಳುತ್ತದೆ. ಸರಿಯಾದ ಎಂಜಿನ್ ಪೂರ್ತಿ ರೇಸಿನಲ್ಲಿ ಕೊಂಚ ಗೊರಗೊರ ಎನ್ನಬೇಕು, ಮರಕ್ಕೆ ಇಳಿಸಿದ ಕೂಡಲೇ ಸದ್ದು ತಿಳಿಯಾಗಬೇಕು. ಕಿವಿಗೆ ಅನುಮಾನವಿದ್ದರೆ ಅರ್ಧಪಾವು ತಿರುವು ಹೊರಗೇ ಇರಲಿ. ಹೊಗೆ ಬಂದೀತು, ಪಿಸ್ಟನ್ ಉಳಿದೀತು.

ಇಷ್ಟೆಲ್ಲ ಮಾಡಿಯೂ ಮರ ಸೀಳದಿದ್ದರೆ ಬಗ್ಗಿ ನೆಲ ನೋಡಿ. ಚಕ್ಕೆಗಳ ಬದಲು ಹಿಟ್ಟಿನಂಥ ಹುಡಿ ಬಿದ್ದಿದ್ದರೆ ಎಂಜಿನ್ ಬೆಳಗಿನಿಂದಲೂ ನಿರಪರಾಧಿ. ಚೈನಿನ ಹಲ್ಲು ಮೊಂಡಾಗಿದೆ. ಸ್ಕ್ರೂಡ್ರೈವರ್ ಒಳಗಿಟ್ಟು ಅರ ತನ್ನಿ.