ರಾಂಪುರಕ್ಕೆ ಬಂದರೆ 102.6 ಯಾಕೆ ಗೊರಗೊರ? ಜಿಲ್ಲಾ ಆಕಾಶವಾಣಿ ನಡೆಯೋದು ಹೇಗೆ, ಅದರಲ್ಲಿ ನಮ್ಮ ಪಾಲು ಏನು?

ರಾಂಪುರ (ಮೊಳಕಾಲ್ಮೂರು ತಾ.): ಚಿತ್ರದುರ್ಗದಿಂದ ಬಳ್ಳಾರಿ ಕಡೆ ಹೊರಟ ಲಾರಿಯಲ್ಲಿ ರೇಡಿಯೊ ಹಾಕಿಕೊಂಡು ಕೂತರೆ ಒಂದು ವಿಷಯ ಗೊತ್ತಾಗುತ್ತೆ. ಚಳ್ಳಕೆರೆ ದಾಟೋವರೆಗೂ ಆಕಾಶವಾಣಿ ಚಿತ್ರದುರ್ಗದ ಎಫ್ಎಂ 102.6 ಗಟ್ಟಿಯಾಗಿ ಕೇಳುತ್ತೆ. ಮೊಳಕಾಲ್ಮೂರಿನ ಗುಡ್ಡಗಳು ಹತ್ತಿರ ಬಂದ ಹಾಗೆ ದನಿ ತೆಳುವಾಗುತ್ತೆ. ರಾಂಪುರದ ಹೊತ್ತಿಗೆ ಗೊರಗೊರ. ಮುಳ್ಳು ಸ್ವಲ್ಪ ಆಚೀಚೆ ಮಾಡಿದರೆ ಬೇರೆ ಊರಿನ ಕೇಂದ್ರ ಬಂದು ಕೂರುತ್ತೆ, ಕೆಲವು ಸಲ ತೆಲುಗಿನದೇ ಬರುತ್ತೆ.

"ರೇಡಿಯೊ ಈಗ ಯಾರ್ ಕೇಳ್ತಾರೆ ಬಿಡ್ರಿ" ಅಂತ ಸುಮ್ಮನಾಗೋದು ಸುಲಭ. ಆದರೆ ಶೇಂಗಾ ಹಾಕಿದ ರೈತನಿಗೆ, ಪದ ಹಾಡುವ ಅಜ್ಜಿಗೆ, ಬಸ್ ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿ ಇಟ್ಟವರಿಗೆ ಈ ಕೇಂದ್ರದಲ್ಲಿ ಒಂದು ಜಾಗ ಇದೆ. ಅದು ಸರ್ಕಾರದ ದುಡ್ಡಿನಲ್ಲಿ, ಅಂದರೆ ನಮ್ಮ ದುಡ್ಡಿನಲ್ಲೇ ನಡೆಯುವ ಜಾಗ. ಅದು ಹೇಗೆ ನಡೆಯುತ್ತೆ ಅಂತ ತಿಳಿದುಕೊಂಡರೆ ನಾವು ಕಳೆದುಕೊಳ್ತಿರೋದು ಏನು ಅನ್ನೋದೂ ತಿಳಿಯುತ್ತೆ.

ಜಿಲ್ಲೆಗೊಂದು ಕೇಂದ್ರ ಬಂದಿದ್ದು ಹೇಗೆ?

ಆಕಾಶವಾಣಿ ಅನ್ನೋ ಹೆಸರು ಬೆಳೆದಿದ್ದೇ ನಮ್ಮ ಕರ್ನಾಟಕದಲ್ಲಿ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಕೇಂದ್ರ ಶುರು ಮಾಡಿದರು. ಆಮೇಲೆ ಇಡೀ ದೇಶದ ರೇಡಿಯೊಗೇ ಆಕಾಶವಾಣಿ ಹೆಸರು ಬಂತು. 2023ರಿಂದ ಪ್ರಸಾರ ಭಾರತಿ 'ಆಲ್ ಇಂಡಿಯಾ ರೇಡಿಯೊ' ಅನ್ನೋದನ್ನ ಬಿಟ್ಟು 'ಆಕಾಶವಾಣಿ' ಅಂತ ಮಾತ್ರ ಬಳಸ್ತಿದೆ.

ಮೊದಲು ಇದ್ದಿದ್ದು ದೊಡ್ಡ ದೊಡ್ಡ ಕೇಂದ್ರಗಳು. ಬೆಂಗಳೂರು, ಧಾರವಾಡ, ಭದ್ರಾವತಿ ಹೀಗೆ. 1965ರಲ್ಲಿ ಶುರುವಾದ ಭದ್ರಾವತಿ ಕೇಂದ್ರವನ್ನ ನಮ್ಮ ಹಿರಿಯರು ಬಹಳ ಕೇಳ್ತಿದ್ದರು. ಆದರೆ ಇಷ್ಟು ದೊಡ್ಡ ಪ್ರದೇಶಕ್ಕೆ ಒಂದೇ ಕೇಂದ್ರ ಆದರೆ ಮಲೆನಾಡಿನ ಅಡಿಕೆಗೂ ಬಯಲುಸೀಮೆಯ ಶೇಂಗಾಕ್ಕೂ ಒಂದೇ ಅರ್ಧ ಗಂಟೆ. ಅದಕ್ಕೇ ಜಿಲ್ಲೆ ಮಟ್ಟದ ಕೇಂದ್ರ ಬೇಕು ಅಂತ ಯೋಚನೆ ಬಂತು. ಅಂಥ ಮೊದಲ ಸ್ಥಳೀಯ ಕೇಂದ್ರ 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಶುರುವಾಯ್ತು. ಅದೇ ಮಾದರಿಯಲ್ಲಿ ಆಮೇಲೆ ನಮ್ಮ ರಾಜ್ಯದಲ್ಲಿ ಚಿತ್ರದುರ್ಗ, ಹಾಸನ, ಹೊಸಪೇಟೆ, ಮಡಿಕೇರಿಗಳಲ್ಲೂ ಎಫ್ಎಂ ಕೇಂದ್ರ ಬಂದವು.

ಈ ಕೇಂದ್ರಗಳ ಉದ್ದೇಶ ಒಂದೇ. ಬೆಂಗಳೂರಿಂದ ಹೇಳಕ್ಕಾಗದ್ದನ್ನ ಇಲ್ಲಿಂದ ಹೇಳೋದು, ಇಲ್ಲಿಯವರ ಬಾಯಲ್ಲೇ ಹೇಳಿಸೋದು. ಪ್ರಸಾರ ಭಾರತಿ ಕಾಯ್ದೆ 1990ರ 12ನೇ ಸೆಕ್ಷನ್ನಿನಲ್ಲೂ ಬೇರೆ ಬೇರೆ ಪ್ರದೇಶಗಳ ಭಾಷೆ, ಸಂಸ್ಕೃತಿಗೆ ಜಾಗ ಕೊಡಬೇಕು, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಕಡೆ ಗಮನ ಕೊಡಬೇಕು ಅಂತ ಬರೆದಿದೆ. ಅಂದರೆ ಸ್ಥಳೀಯ ಕಾರ್ಯಕ್ರಮ ಯಾರೋ ದಯೆ ತೋರಿಸಿ ಕೊಡೋದಲ್ಲ, ಕಾನೂನಿನಲ್ಲಿರೋ ಕೆಲಸ.

ದಿನವಿಡೀ ಬರೋದೆಲ್ಲ ಸ್ಥಳೀಯವಾ?

ಅಲ್ಲ. ಇದನ್ನ ಬಹಳ ಜನ ತಪ್ಪು ತಿಳಿದಿದ್ದಾರೆ. ಜಿಲ್ಲಾ ಕೇಂದ್ರದಿಂದ ಬರುವ ಕಾರ್ಯಕ್ರಮದಲ್ಲಿ ಎರಡು ಭಾಗ ಇರುತ್ತೆ. ಒಂದು, ಅಲ್ಲೇ ತಯಾರಾದದ್ದು. ಇನ್ನೊಂದು, ಬೇರೆ ಕಡೆಯಿಂದ ಎತ್ತಿಕೊಂಡು ಹಾಗೇ ಬಿಡೋದು. ಇದಕ್ಕೆ ಮರುಪ್ರಸಾರ ಅಂತಾರೆ. ದೆಹಲಿಯ ವಾರ್ತೆ, ಬೆಂಗಳೂರು ಮತ್ತು ಧಾರವಾಡದ ಕನ್ನಡ ಪ್ರದೇಶ ಸಮಾಚಾರ, ರಾಜ್ಯಮಟ್ಟದ ಕಾರ್ಯಕ್ರಮ, ಇವೆಲ್ಲ ಮರುಪ್ರಸಾರ.

ಮರುಪ್ರಸಾರಕ್ಕೆ ಖರ್ಚು ಕಡಿಮೆ, ಜನ ಕಡಿಮೆ ಸಾಕು. ಸ್ಥಳೀಯ ಕಾರ್ಯಕ್ರಮಕ್ಕೆ ರೆಕಾರ್ಡಿಂಗ್ ಮಾಡೋರು ಬೇಕು, ಹಳ್ಳಿಗೆ ಹೋಗಕ್ಕೆ ಗಾಡಿ ಬೇಕು, ಎಡಿಟ್ ಮಾಡೋರು ಬೇಕು, ಬಂದವರಿಗೆ ಸಂಭಾವನೆ ಕೊಡಬೇಕು. ಆಕಾಶವಾಣಿಯಲ್ಲಿ ಕಾಯಂ ಸಿಬ್ಬಂದಿ ನಿವೃತ್ತರಾಗ್ತಾ ಹೋದ ಹಾಗೆ ಜಾಗ ತುಂಬೋದು ಕಡಿಮೆಯಾಗಿದೆ. ಎಷ್ಟೋ ಕಡೆ ಮೈಕ್ ಮುಂದೆ ಕೂರೋರು ತಿಂಗಳಲ್ಲಿ ಇಂತಿಷ್ಟು ಡ್ಯೂಟಿ ಅಂತ ಬರುವ ಹಂಗಾಮಿ ಉದ್ಘೋಷಕರು. ಕೈ ಕಡಿಮೆಯಾದಾಗ ಮೊದಲು ಕತ್ತರಿ ಬೀಳೋದು ದೂರದ ತಾಲ್ಲೂಕಿನ ರೆಕಾರ್ಡಿಂಗ್‌ಗೆ. ಚಿತ್ರದುರ್ಗದ ಸ್ಟುಡಿಯೊಗೆ ಪೇಟೆಯವರು ಆಟೋ ಹಿಡಿದು ಬರ್ತಾರೆ. ರಾಂಪುರದಿಂದ ಬರಬೇಕಾದರೆ ಒಂದು ದಿನದ ಕೂಲಿ ಹೋಯ್ತು ಅಂತಲೇ ಲೆಕ್ಕ.

ಈ ಪದ್ಧತಿ ನಮ್ಮ ಕಡೆಗೆ ಹೊಸದಲ್ಲ ಬಿಡಿ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಶುರುವಾಗೋದೇ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆದೇಶ ಅಂತ. ಮೇಲಿಂದ ಬಂದ ಮಾತನ್ನ ಇಲ್ಲಿ ಕಲ್ಲಿನ ಮೇಲೆ ಕೆತ್ತಿದರು. ಅದೂ ಒಂಥರಾ ಮರುಪ್ರಸಾರವೇ. ಇಲ್ಲಿಯವರು ತಿರುಗಿ ಏನಂದರು ಅನ್ನೋದು ಮಾತ್ರ ಎಲ್ಲೂ ಉಳಿದಿಲ್ಲ. ಸ್ಥಳೀಯ ರೇಡಿಯೊ ಬೇಕಾಗೋದು ಅದಕ್ಕೇ.

ನಮ್ಮಲ್ಲಿ ಸಿಗ್ನಲ್ ಯಾಕೆ ಹತ್ತಲ್ಲ?

ಹಳೇ ಮೀಡಿಯಂ ವೇವ್ ಅಲೆ ನೆಲ ಹಿಡಿದು ದೂರ ಹೋಗುತ್ತೆ. ಗುಡ್ಡ ಅಡ್ಡ ಬಂದರೂ ಅಷ್ಟು ತೊಂದರೆ ಇಲ್ಲ. ಅದಕ್ಕೇ ತಾತನ ಕಾಲದ ಟ್ರಾನ್ಸಿಸ್ಟರ್‌ನಲ್ಲಿ ಬೆಂಗಳೂರಿನ 612, ಧಾರವಾಡದ 765, ಭದ್ರಾವತಿಯ 675 ಎಲ್ಲ ಹುಡುಕಿ ಹಿಡೀತಿದ್ದರು. ಎಫ್ಎಂ ಹಾಗಲ್ಲ. ದನಿ ಶುದ್ಧ, ಆದರೆ ಅಲೆ ಟಾರ್ಚ್ ಬೆಳಕಿನ ಥರ ನೆಟ್ಟಗೆ ಹೋಗುತ್ತೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ಟವರ್ ಎಷ್ಟು ಎತ್ತರದಲ್ಲಿದೆ, ನಡುವೆ ಏನಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. 6ರಿಂದ 10 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್ ಆದರೆ ಸಾಮಾನ್ಯವಾಗಿ 60-70 ಕಿ.ಮೀ. ಒಳಗೆ ಚೆನ್ನಾಗಿ ಕೇಳುತ್ತೆ.

ಈಗ ನಕ್ಷೆ ನೋಡಿ. ಹಕ್ಕಿ ಹಾರುವ ದಾರಿಯಲ್ಲಿ ಲೆಕ್ಕ ಹಾಕಿದರೆ ಚಿತ್ರದುರ್ಗ ನಮಗೆ ಸುಮಾರು 80 ಕಿ.ಮೀ. ನಡುವೆ ಮೊಳಕಾಲ್ಮೂರಿನ ಗುಡ್ಡಸಾಲು. ಹೊಸಪೇಟೆ ಆಕಾಶವಾಣಿ, ಅಂದರೆ 100.5, ಬೇರೆ ಜಿಲ್ಲೆಯದಾದರೂ ಸುಮಾರು 60 ಕಿ.ಮೀ. ಅಷ್ಟೇ. ಆದರೆ ನಡುವೆ ಸಂಡೂರಿನ ಬೆಟ್ಟ. ಆ ಕಡೆ ಅನಂತಪುರದ 101.7, ತೆಲುಗು ಕೇಂದ್ರ. ಹೀಗಾಗಿ ಒಂದೇ ಊರಲ್ಲಿ ಮಾಳಿಗೆ ಮೇಲೆ ಒಂದು ಕೇಂದ್ರ ಸಿಕ್ಕರೆ, ಅಂಗಡಿ ಒಳಗೆ ಇನ್ನೊಂದು ಸಿಗುತ್ತೆ. ರೇಡಿಯೊಗೆ ಜಿಲ್ಲೆಯ ಗಡಿ ಗೊತ್ತಿಲ್ಲ.

ಬೇರೆ ಕೇಂದ್ರ ಕೇಳಿದರೆ ನಷ್ಟ ಏನು?

ಹಾಡು ಕೇಳೋಕಾದರೆ ನಷ್ಟ ಇಲ್ಲ. ಕೃಷಿ ವಿಷಯಕ್ಕೆ ಬಂದರೆ ಇದೆ.

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ. ಮಳೆ ನಂಬಿ ಶೇಂಗಾ ಹಾಕೋರೇ ಹೆಚ್ಚು. ಬಿತ್ತಿದ ಮೇಲೆ ಮೂರು ವಾರ ಮಳೆ ಹೋದರೆ ಏನು ಮಾಡಬೇಕು, ಎಲೆ ಚುಕ್ಕೆ ರೋಗ ಬಂದರೆ ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು, ಇದೆಲ್ಲ ಆ ವಾರದಲ್ಲೇ ಗೊತ್ತಾಗಬೇಕು. ತಿಂಗಳಾದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ.

ಹೊಸಪೇಟೆಯ ಕೃಷಿ ಕಾರ್ಯಕ್ರಮ ತುಂಗಭದ್ರಾ ನೀರಾವರಿಯ ರೈತರನ್ನೂ ನೋಡಬೇಕು. ಅಲ್ಲಿ ಭತ್ತ, ಕಬ್ಬು, ಬಾಳೆ. ನಮ್ಮ ಖುಷ್ಕಿ ಹೊಲಕ್ಕೆ ಅದು ಹೊಂದಲ್ಲ. ಅನಂತಪುರ ನಮ್ಮ ಥರಾನೇ ಶೇಂಗಾ ಸೀಮೆ. ನಮ್ಮಲ್ಲಿ ತೆಲುಗು ಬಾರದವರು ಕಡಿಮೆ, ಹಾಗಾಗಿ ಅಲ್ಲಿಯವರು ಹೇಳುವ ರೋಗದ ಮಾತು ಉಪಯೋಗಕ್ಕೆ ಬರುತ್ತೆ. ಆದರೆ ಬಿತ್ತನೆ ಬೀಜದ ಸಬ್ಸಿಡಿ, ಬೆಳೆ ವಿಮೆ ಕಟ್ಟುವ ಕಡೇ ದಿನಾಂಕ, ಯಾವ ಆಫೀಸಿಗೆ ಯಾವ ಕಾಗದ, ಅದೆಲ್ಲ ಆಂಧ್ರದ ಲೆಕ್ಕ. ನಮಗೆ ಬೇಕಿರೋದು ನಮ್ಮ ರೈತ ಸಂಪರ್ಕ ಕೇಂದ್ರದ ಮಾತು, ಚಳ್ಳಕೆರೆ ಎಪಿಎಂಸಿ ಧಾರಣೆ, ಹಿರಿಯೂರು ಬಬ್ಬೂರು ಫಾರಂನ ವಿಜ್ಞಾನಿಗಳ ಸಲಹೆ. ಇದನ್ನ ಒಟ್ಟಿಗೆ ಸೇರಿಸಿ ಹೇಳಬಲ್ಲ ಆಕಾಶವಾಣಿ ಕೇಂದ್ರ ಚಿತ್ರದುರ್ಗದ್ದೇ. ಎಫ್ಎಂ ಕೇಂದ್ರಗಳ ಮೂಲಕ ರೈತರಿಗಾಗಿ 'ಕಿಸಾನ್ ವಾಣಿ' ಶುರುವಾಗಿದ್ದು 2004ರ ಫೆಬ್ರವರಿಯಲ್ಲಿ, ಅದೂ ಸ್ಥಳೀಯ ಮಾಹಿತಿ ಕೊಡಬೇಕು ಅನ್ನೋ ಕಾರಣಕ್ಕೇ.

ಇನ್ನೊಂದು ನಷ್ಟ ಹಾಡಿನದು. ಮ್ಯಾಸಬೇಡರು, ಕಾಡುಗೊಲ್ಲರ ಪದಗಳು ಇರೋದು ಹಟ್ಟಿಗಳ ಹಿರಿಯರ ಬಾಯಲ್ಲಿ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಇರಲಿಲ್ಲ, ಆದರೆ ಸಾವಿರಾರು ಪದ ಬಾಯಲ್ಲಿದ್ದವು. ಕೃಷ್ಣಮೂರ್ತಿ ಹನೂರರಂಥವರು ಹಟ್ಟಿಗೆ ಬಂದು ಬರೆದುಕೊಂಡಿದ್ದರಿಂದ ಅವು ಉಳಿದವು. ಎಲ್ಲ ಅಜ್ಜಿಯರಿಗೂ ಅಂಥ ಅದೃಷ್ಟ ಇಲ್ಲ. ಪುಸ್ತಕದಲ್ಲಿ ಪದ ಉಳಿಯುತ್ತೆ, ಧಾಟಿ ಉಳಿಯಲ್ಲ. ಧಾಟಿ ಉಳಿಯಬೇಕಾದರೆ ರೆಕಾರ್ಡಿಂಗೇ ಆಗಬೇಕು.

ಟಿವಿಯಲ್ಲಿ ಸಿಗಲ್ವಾ?

ದೂರದರ್ಶನ ಚಂದನ ಇಡೀ ರಾಜ್ಯದ ಚಾನೆಲ್. 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ಎಲ್ಲರಿಗೂ ಗೊತ್ತು. ಕೃಷಿ ಕಾರ್ಯಕ್ರಮವೂ ಇದೆ. ಆದರೆ ಅದು 31 ಜಿಲ್ಲೆಗೂ ಸೇರಿದ್ದು. ಚಿತ್ರದುರ್ಗಕ್ಕೆ, ಅದರಲ್ಲೂ ಮೊಳಕಾಲ್ಮೂರಿಗೆ ದಿನಾ ಜಾಗ ಕೊಡಕ್ಕೆ ಆಗಲ್ಲ. ಮನೆ ಮೇಲಿನ ಹಳೇ ಮೀನಿನ ಮುಳ್ಳಿನಂಥ ಆಂಟೆನಾದಲ್ಲಿ ಈಗ ಚಂದನ ಬರಲ್ಲ, ಆ ಟವರ್‌ಗಳನ್ನ ನಿಲ್ಲಿಸಿದ್ದಾರೆ. ತಿಂಗಳ ಬಾಡಿಗೆ ಬೇಡ ಅನ್ನೋರಿಗೆ ಡಿಡಿ ಫ್ರೀ ಡಿಶ್ ಇದೆ. ಛತ್ರಿ ಮತ್ತು ಬಾಕ್ಸ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಆಯ್ತು.

ಕೇಳೋದು ಹೇಗೆ?

ಮೊಬೈಲ್‌ನಲ್ಲಿ ಎಫ್ಎಂ ಇದ್ದರೆ ಇಯರ್‌ಫೋನ್ ವೈರ್ ಹಾಕಲೇಬೇಕು, ಆ ವೈರೇ ಆಂಟೆನಾ. ಅಂಗಡಿ ರೇಡಿಯೊ ಆದರೆ ಕಡ್ಡಿ ಪೂರ್ತಿ ಎಳೆದು ಬಾಗಿಲ ಹತ್ತಿರ, ಕಬ್ಬಿಣದ ಶಟರ್‌ನಿಂದ ದೂರ ಇಡಿ. ಇದ್ಯಾವುದೂ ಆಗದಿದ್ದರೆ ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಂಡು ಕರ್ನಾಟಕದ ಕೇಂದ್ರಗಳಲ್ಲಿ ಚಿತ್ರದುರ್ಗ ಆರಿಸಿ. ಗುಡ್ಡದ ತೊಂದರೆ ಇಲ್ಲ, ಡೇಟಾ ಖರ್ಚಾಗುತ್ತೆ ಅಷ್ಟೇ. ಹೊಲದಲ್ಲಿ ನೆಟ್‌ವರ್ಕ್ ಸಿಗಬೇಕು ಅನ್ನೋದು ಬೇರೆ ಮಾತು.

ನಮ್ಮ ದನಿ ಬರಬೇಕಾದರೆ?

ಜಾನಪದ ಹಾಡುವವರು: ಕೇಂದ್ರಕ್ಕೆ ಅರ್ಜಿ ಕೊಟ್ಟು ಧ್ವನಿ ಪರೀಕ್ಷೆಗೆ, ಅಂದರೆ ಆಡಿಷನ್‌ಗೆ ಹೋಗಬೇಕು. ಪಾಸಾದರೆ ಗ್ರೇಡ್ ಕೊಡ್ತಾರೆ, ಆಮೇಲೆ ಕಾರ್ಯಕ್ರಮ ಸಿಕ್ಕಾಗ ಗ್ರೇಡ್ ಪ್ರಕಾರ ಸಂಭಾವನೆ. ತಂಡವಾಗಿ ಹೋಗೋರಿಗೂ ಅವಕಾಶ ಇದೆ.

ಓದುವ ಹುಡುಗರು: 15ರಿಂದ 30 ವರ್ಷದವರಿಗೆ 'ಯುವವಾಣಿ' ಇದೆ. ಭಾಷಣ, ಕವಿತೆ, ಚರ್ಚೆ ಏನಾದರೂ ಆಗಬಹುದು. ಕಾಲೇಜಿನವರು ಒಟ್ಟಾಗಿ ಬರೆದರೆ ಅನುಕೂಲ. ದನಿ ಚೆನ್ನಾಗಿದ್ದು ಕನ್ನಡ ತಪ್ಪಿಲ್ಲದೆ ಓದುವವರು ಹಂಗಾಮಿ ಉದ್ಘೋಷಕರ ಅರ್ಜಿ ಕರೆದಾಗ ಹಾಕಬಹುದು.

ರೈತರು: ಹೊಸದೇನಾದರೂ ಮಾಡಿದ್ದರೆ, ಹೊಲದಲ್ಲಿ ಹೊಸ ರೋಗ ಕಂಡರೆ ಕೇಂದ್ರದ ಕೃಷಿ ವಿಭಾಗಕ್ಕೆ ಕಾರ್ಡ್ ಬರೀರಿ, ಇಲ್ಲ ಫೋನ್ ಇನ್ ಇದ್ದ ದಿನ ಫೋನ್ ಹಚ್ಚಿ. ತುರ್ತು ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡ್ತಾರೆ, ಕರೆ ಉಚಿತ.

ಅಂಗಡಿಯವರು: ಆಕಾಶವಾಣಿ ಜಾಹೀರಾತನ್ನೂ ತಗೊಳ್ಳುತ್ತೆ. ದರ ಸೆಕೆಂಡ್ ಲೆಕ್ಕದಲ್ಲಿ. ಹೆಂಡ, ತಂಬಾಕು ಬಿಟ್ಟು ಬೀಜ, ಗೊಬ್ಬರ, ಬಟ್ಟೆ, ಮೊಳಕಾಲ್ಮೂರು ರೇಷ್ಮೆ ಸೀರೆ, ಏನಿದ್ದರೂ ಆಗುತ್ತೆ. ಬುಕ್ ಮಾಡೋ ಮುಂಚೆ ನಿಮ್ಮ ಗಿರಾಕಿಗಳು ಇರುವ ಹಳ್ಳಿಗಳಲ್ಲಿ ಕೇಂದ್ರ ಹತ್ತುತ್ತಾ ಅಂತ ನೀವೇ ಒಮ್ಮೆ ಮುಳ್ಳು ತಿರುಗಿಸಿ ನೋಡಿಕೊಳ್ಳಿ.

ಇನ್ನೊಂದು ದಾರಿಯೂ ಇದೆ. 2006ರ ನೀತಿ ಪ್ರಕಾರ ಸಂಘ ಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು, ಕಾಲೇಜುಗಳು ಸಮುದಾಯ ಬಾನುಲಿ ನಡೆಸಬಹುದು. ಟ್ರಾನ್ಸ್‌ಮಿಟರ್ ಸಣ್ಣದು, ಸುತ್ತಲಿನ ಹತ್ತು ಹನ್ನೆರಡು ಕಿ.ಮೀ. ಹಳ್ಳಿಗೆ ಸಾಕು. ಗುಡ್ಡದ ಈ ಕಡೆಯಿಂದಲೇ ಮಾತಾಡಿದರೆ ಗುಡ್ಡ ಅಡ್ಡ ಬರಲ್ಲ. ಆದರೆ ಲೈಸೆನ್ಸ್, ಟವರ್, ದಿನಾ ಕೂತು ನಡೆಸೋ ಜನ ಎಲ್ಲ ಬೇಕು.

ಸದ್ಯಕ್ಕೆ ಆಗೋ ಕೆಲಸ ಒಂದು. ಕೇಂದ್ರದವರಿಗೆ ಯಾವ ಊರಿಂದ ಕಾರ್ಡ್ ಬರುತ್ತೆ, ಯಾವ ಊರಿಂದ ಫೋನ್ ಬರುತ್ತೆ ಅನ್ನೋದು ಗೊತ್ತಿರುತ್ತೆ. ಕೇಳುಗರೇ ಇಲ್ಲದ ಕಡೆಗೆ ಗಾಡಿ ಕಳಿಸಿ ಅಂತ ಮೇಲಿನವರಿಗೆ ಕೇಳೋದು ಅವರಿಗೂ ಕಷ್ಟ. ರಾಂಪುರದಿಂದ ಹತ್ತು ಕಾರ್ಡ್ ಹೋದರೆ, ಸಿಗ್ನಲ್ ಸರಿ ಇಲ್ಲ ಅಂತಲಾದರೂ ಹೋಗಲಿ, ಇಲ್ಲೂ ಕೇಳೋರಿದ್ದಾರೆ ಅನ್ನೋದು ಕಾಗದದ ಮೇಲೆ ಬೀಳುತ್ತೆ. ವಿಳಾಸಕ್ಕೆ ಇಷ್ಟು ಬರೆದರೆ ಸಾಕು: ಆಕಾಶವಾಣಿ, ಚಿತ್ರದುರ್ಗ.