ಪಟ್ಟಣವಾದ ಊರಿನಲ್ಲಿ ಯುವಜನರ ಮಾತಿಗೆ ಜಾಗವೆಲ್ಲಿ?

ಸಿಂಧನೂರು: ಹಳ್ಳಿಯ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು ತನ್ನ ಶಾಲೆಗೆ ಶೌಚಾಲಯವಿಲ್ಲ, ಬರುವ ದಾರಿಯಲ್ಲಿ ಬೀದಿದೀಪವಿಲ್ಲ ಎಂದು ಗ್ರಾಮ ಪಂಚಾಯಿತಿ ಅಧ್ಯಕ್ಷರ ಎದುರು ಎದ್ದು ನಿಂತು ಹೇಳಬಹುದು. ಅದಕ್ಕೆಂದೇ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶವಿದೆ. ಅದೇ ವಿದ್ಯಾರ್ಥಿನಿ ಪಿಯುಸಿ ಓದಲು ಸಿಂಧನೂರಿಗೋ, ಲಿಂಗಸುಗೂರಿಗೋ, ಮಸ್ಕಿಗೋ ಬಂದು ನೆಲೆಸಿದರೆ ಆಕೆಗೆ ಅಂಥ ಸಭೆ ಸಿಗುವುದಿಲ್ಲ. ಊರು ದೊಡ್ಡದಾದಷ್ಟೂ ಕಿರಿಯರ ಮಾತಿಗೆ ಜಾಗ ಕಿರಿದಾಗುವ ಈ ವಿಚಿತ್ರ ಸ್ಥಿತಿ ರಾಜ್ಯದ ಸಣ್ಣ ಪಟ್ಟಣಗಳಿಗೆಲ್ಲ ಅನ್ವಯಿಸುತ್ತದೆ.

ನಗರದ ಆಗುಹೋಗುಗಳಲ್ಲಿ ಯುವಜನರನ್ನು ಪಾಲುದಾರರನ್ನಾಗಿಸುವುದು ಹೇಗೆ ಎಂಬ ಪ್ರಶ್ನೆಗೆ ಯೂರೋಪಿನ ದೇಶಗಳು ಕಂಡುಕೊಂಡ ಉತ್ತರಗಳಲ್ಲಿ 'ಯುವ ವಿನಿಮಯ' ಒಂದು. ಅದರ ಸ್ವರೂಪವೇನು, ಅದರಿಂದ ರಾಯಚೂರು ಜಿಲ್ಲೆಯ ಈ ಮೂರು ಊರುಗಳು ಪಡೆಯಬಹುದಾದದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಯುವ ವಿನಿಮಯ?

ಯೂರೋಪಿನ ದೇಶಗಳ ಯುವಜನರು ಪರಸ್ಪರರ ಊರುಗಳಿಗೆ ಹೋಗಿ ಕೆಲವು ದಿನ ಒಟ್ಟಿಗೆ ಕಲಿಯುವ ಯೋಜನೆಗೆ 1988ರಲ್ಲಿ ಚಾಲನೆ ದೊರೆಯಿತು. ಅದು ಈಗ ಯೂರೋಪಿಯನ್ ಒಕ್ಕೂಟದ 'ಎರಾಸ್ಮಸ್ ಪ್ಲಸ್' ಕಾರ್ಯಕ್ರಮದ ಭಾಗವಾಗಿದೆ. 13ರಿಂದ 30 ವರ್ಷದೊಳಗಿನವರು ಇದರಲ್ಲಿ ಭಾಗವಹಿಸಬಹುದು. ಪ್ರಯಾಣದ ದಿನಗಳನ್ನು ಬಿಟ್ಟು 5ರಿಂದ 21 ದಿನಗಳವರೆಗೆ ಶಿಬಿರ ನಡೆಯುತ್ತದೆ. ಪರೀಕ್ಷೆ, ಅಂಕಗಳ ಗೊಡವೆಯಿಲ್ಲ. ಕಲಿತದ್ದೇನು ಎಂಬುದನ್ನು ದಾಖಲಿಸುವ 'ಯೂತ್‌ಪಾಸ್' ಎಂಬ ಪ್ರಮಾಣಪತ್ರ ನೀಡಲಾಗುತ್ತದೆ.

ಪೌರ ಸಹಭಾಗಿತ್ವವನ್ನೇ ವಿಷಯವಾಗಿಸಿಕೊಂಡ ಶಿಬಿರಗಳಲ್ಲಿ ಉಪನ್ಯಾಸಗಳಿಗಿಂತ ಓಡಾಟಕ್ಕೆ ಹೆಚ್ಚು ಮಹತ್ವವಿರುತ್ತದೆ. ಬೇರೆ ಬೇರೆ ದೇಶದವರು ಸೇರಿದ ಸಣ್ಣ ತಂಡಗಳು ನಗರದ ಬೀದಿಗಳಲ್ಲಿ ನಡೆದು, ಗಾಲಿಕುರ್ಚಿ ಹೋಗಲಾಗದ ಕಾಲುದಾರಿ, ಕತ್ತಲೆಯ ತಂಗುದಾಣ, ಪಾಳುಬಿದ್ದ ಉದ್ಯಾನಗಳನ್ನು ನಕ್ಷೆಯಲ್ಲಿ ಗುರುತಿಸುತ್ತವೆ. ಅಣಕು ನಗರಸಭೆ ನಡೆಸಿ, ಇರುವ ಹಣದಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ವಾದಿಸುತ್ತವೆ. ಕೊನೆಗೆ ಸ್ಥಳೀಯ ಜನಪ್ರತಿನಿಧಿಗಳ ಮುಂದೆ ತಮ್ಮ ಪಟ್ಟಿಯನ್ನು ಮಂಡಿಸುವುದೂ ಉಂಟು. ಊರಿಗೆ ಮರಳಿದ ಮೇಲೆ ಅದೇ ಕಣ್ಣಿನಿಂದ ತಮ್ಮ ಬೀದಿಯನ್ನು ನೋಡಲಿ ಎಂಬುದು ಇದರ ಹಿಂದಿನ ಆಶಯ.

ಈ ವಿನಿಮಯಗಳಿಗೆ ಬೆನ್ನೆಲುಬಾಗಿ ಒಂದು ಸನ್ನದು ಇದೆ. ಸ್ಥಳೀಯ ಹಾಗೂ ಪ್ರಾದೇಶಿಕ ಜೀವನದಲ್ಲಿ ಯುವಜನರ ಪಾಲ್ಗೊಳ್ಳುವಿಕೆಗೆ ಸಂಬಂಧಿಸಿದ ಯೂರೋಪಿನ ಸನ್ನದು 1992ರಲ್ಲಿ ರೂಪುಗೊಂಡು 2003ರಲ್ಲಿ ಪರಿಷ್ಕೃತವಾಯಿತು. ಪಾಲ್ಗೊಳ್ಳಲು ಹಕ್ಕು ಇದ್ದರೆ ಸಾಲದು. ಅದಕ್ಕೆ ಬೇಕಾದ ಸಾಧನ, ಸ್ಥಳ, ಅವಕಾಶ ಮತ್ತು ಅಗತ್ಯವಿದ್ದಲ್ಲಿ ನೆರವು ಕೂಡ ಇರಬೇಕು ಎಂಬುದು ಅದರ ತಿರುಳು. ಆಸ್ಟ್ರಿಯಾ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿದ್ದು ಈ ಚಿಂತನೆ ಅಲ್ಲಿ ಎಷ್ಟು ದೂರ ಸಾಗಿದೆ ಎಂಬುದಕ್ಕೆ ನಿದರ್ಶನ.

ಈ ಯೋಜನೆ ಮುಖ್ಯವಾಗಿ ಯೂರೋಪ್ ಹಾಗೂ ಅದರ ನೆರೆಯ ದೇಶಗಳಿಗೆ ಮೀಸಲು. ಸಿಂಧನೂರಿನ ಕಾಲೇಜು ವಿದ್ಯಾರ್ಥಿಗಳಿಗೆ ಅದರಿಂದ ನೇರ ಪ್ರಯೋಜನವಿಲ್ಲ. ಆದರೆ ಅದರ ಹಿಂದಿನ ವಿಚಾರ ಕನ್ನಡ ನಾಡಿಗೆ ಹೊಸದೇನಲ್ಲ.

ಕುಂದಾಪುರದಲ್ಲಿ ಆರಂಭ

ಯೂರೋಪಿನ ಸನ್ನದು ಪರಿಷ್ಕೃತಗೊಳ್ಳುವುದಕ್ಕೆ ಎಂಟು ವರ್ಷ ಮೊದಲೇ, 1995ರಲ್ಲಿ, ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡವು. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಮತ್ತು 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಇದರ ಹಿಂದಿದ್ದವು. ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಆರಿಸಿ, ತಮ್ಮ ಸಮಸ್ಯೆಗಳ ಮಾಹಿತಿಯನ್ನು ತಾವೇ ಕಲೆಹಾಕಿ, ಹಿರಿಯರ ಪಂಚಾಯಿತಿಯ ಮುಂದಿಟ್ಟರು. ಈ ಪ್ರಯೋಗ ದೇಶ ವಿದೇಶಗಳ ಗಮನ ಸೆಳೆಯಿತು. ಪ್ರತಿ ಗ್ರಾಮ ಪಂಚಾಯಿತಿಯೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ರಾಜ್ಯ ಸರ್ಕಾರ 2006ರಲ್ಲಿ ಆದೇಶಿಸಿತು.

ಎಲ್ಲೆಡೆಯೂ ಈ ಸಭೆಗಳು ಅರ್ಥಪೂರ್ಣವಾಗಿ ನಡೆಯುತ್ತವೆ ಎನ್ನಲಾಗದು. ಶಿಕ್ಷಕರು ಬರೆದುಕೊಟ್ಟದ್ದನ್ನು ಮಕ್ಕಳು ಓದುವುದೂ, ಅಧಿಕಾರಿಗಳು 'ಪರಿಶೀಲಿಸಲಾಗುವುದು' ಎಂದು ಹೇಳಿ ಏಳುವುದೂ ಉಂಟು. ಆದರೂ ಸಭೆ ಎಂಬುದೊಂದಿದೆ. ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗುತ್ತದೆ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಎತ್ತಲು ಆಧಾರ ಸಿಗುತ್ತದೆ.

ಗ್ರಾಮಸಭೆ ಇಲ್ಲಿಗೆ ಮುಗಿಯಿತು

ಪಟ್ಟಣದ ಕಥೆ ಬೇರೆ. ಸಂವಿಧಾನದ 73ನೇ ತಿದ್ದುಪಡಿ ಹಳ್ಳಿಗೆ ಗ್ರಾಮಸಭೆಯನ್ನು ನೀಡಿತು. ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಊರಿನ ಪ್ರತಿ ಮತದಾರನೂ ಅದರ ಸದಸ್ಯ. ಅದೇ ಕಾಲದಲ್ಲಿ ಬಂದ 74ನೇ ತಿದ್ದುಪಡಿ ನಗರಗಳಿಗೆ ಅಂಥ ಸಭೆಯನ್ನು ಕೊಡಲಿಲ್ಲ. ವಾರ್ಡ್ ಸಮಿತಿಗಳ ರಚನೆಯನ್ನು ಅದು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ಸಿಂಧನೂರಿನ ಜನಸಂಖ್ಯೆ ಸುಮಾರು 75 ಸಾವಿರ, ಲಿಂಗಸುಗೂರಿನದು ಸುಮಾರು 35 ಸಾವಿರ. ಮಸ್ಕಿ ಇವೆರಡಕ್ಕಿಂತಲೂ ಚಿಕ್ಕದು. ಸಂವಿಧಾನದ ಈ ಕಡ್ಡಾಯ ಮೂರೂ ಊರುಗಳಿಗೆ ತಟ್ಟುವುದಿಲ್ಲ.

ಮಸ್ಕಿಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಗ್ರಾಮ ಪಂಚಾಯಿತಿ ಆಡಳಿತದಲ್ಲಿದ್ದ ಈ ಊರು ಪುರಸಭೆಯಾಯಿತು. ಬಳಿಕ ತಾಲ್ಲೂಕು ಕೇಂದ್ರವೂ ಆಯಿತು. ಬಡ್ತಿಯೊಂದಿಗೆ ಕಚೇರಿಗಳು ಬಂದವು, ಅನುದಾನದ ಬಾಬತ್ತುಗಳು ಬದಲಾದವು. ಆದರೆ ಊರಿನವರೆಲ್ಲ ಸದಸ್ಯರಾಗಿದ್ದ ಗ್ರಾಮಸಭೆ ಹೋಯಿತು. ಅದರೊಡನೆ ಮಕ್ಕಳ ಗ್ರಾಮಸಭೆಯೂ ಹೋಯಿತು. ಪುರಸಭೆಯ ಸಾಮಾನ್ಯ ಸಭೆ ಚುನಾಯಿತ ಸದಸ್ಯರ ಸಭೆ. ಅಲ್ಲಿ ನಾಗರಿಕರು ಹೆಚ್ಚೆಂದರೆ ಪ್ರೇಕ್ಷಕರು.

ಸದಸ್ಯರನ್ನು ಆರಿಸಿದ ಮಾತ್ರಕ್ಕೆ ಆಡಳಿತ ಕೈಗೆ ಸಿಕ್ಕಿತು ಎನ್ನುವಂತೆಯೂ ಇಲ್ಲ. ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಎರಡು ವರ್ಷಗಳಷ್ಟು ಕಾಲ ಅಧಿಕಾರವಿಲ್ಲದೆ ಕಾಯಬೇಕಾಯಿತು. ಆ ಅವಧಿಯಲ್ಲಿ ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. 18 ತುಂಬಿ ಮೊದಲ ಬಾರಿಗೆ ಮತ ಹಾಕಿದವರಿಗೆ ಇದು ಉತ್ತೇಜನ ನೀಡುವ ಪಾಠವಾಗಿರಲಿಲ್ಲ.

ಮೂರು ಊರು, ಮೂರು ಪ್ರಶ್ನೆ

ವಿನಿಮಯಕ್ಕೆ ಸಾಗರ ದಾಟಬೇಕಾಗಿಲ್ಲ. ಸಿಂಧನೂರು ಮತ್ತು ಲಿಂಗಸುಗೂರಿನ ನಡುವಿನ ಹೆದ್ದಾರಿಯಲ್ಲೇ ಮಸ್ಕಿ ಇದೆ. ಬಸ್ಸಿನಲ್ಲಿ ಹೊರಟರೆ ಒಂದೇ ದಿನದಲ್ಲಿ ಮೂರನ್ನೂ ನೋಡಿಬರಬಹುದು. ಆದರೆ ಮೂರರ ಸ್ವಭಾವವೂ ಬೇರೆ, ಪ್ರಶ್ನೆಗಳೂ ಬೇರೆ.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬೆಳೆದ ಊರು. ಭತ್ತದ ವಹಿವಾಟು, ಅಕ್ಕಿ ಗಿರಣಿಗಳು ಅದರ ಜೀವಾಳ. ನೆರೆಯ ಆಂಧ್ರದಿಂದ ಬಂದ ರೈತರು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ತಾಲ್ಲೂಕಿನ ಕ್ಯಾಂಪ್‌ಗಳಲ್ಲಿ ನೆಲೆಯೂರಿದ್ದಾರೆ. ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಇಲ್ಲಿನ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಕಾಲುವೆಯ ನೀರನ್ನು ಕೆರೆಯಲ್ಲಿ ಶೇಖರಿಸಿಕೊಂಡು ಬೇಸಿಗೆ ದಾಟಬೇಕಾದ ಈ ಊರಿಗೆ ನೀರು ಮೊದಲ ಪ್ರಶ್ನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ರೈತರಷ್ಟೇ ಅಲ್ಲ, ನಲ್ಲಿ ನೀರು ನಂಬಿದ ಪಟ್ಟಣಿಗರೂ ಕಳವಳಗೊಂಡರು.

ಲಿಂಗಸುಗೂರು ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ತಾಲ್ಲೂಕಿನ ಹಟ್ಟಿಯಲ್ಲಿ ದೇಶಕ್ಕೆ ಚಿನ್ನ ಕೊಡುವ ಗಣಿ ಇದೆ. ಗಣಿಯ ತಾಲ್ಲೂಕಿನಲ್ಲಿ ಓದಿದವರಿಗೆ ಊರಲ್ಲೇ ಕೆಲಸ ಎಷ್ಟು, ಬೆಂಗಳೂರಿನ ರಾತ್ರಿ ಬಸ್ಸು ಹತ್ತುವವರು ಎಷ್ಟು ಎಂಬುದು ಅಲ್ಲಿನ ಯುವಜನರು ಲೆಕ್ಕ ಹಾಕಬೇಕಾದ ಪ್ರಶ್ನೆ.

ಮಸ್ಕಿಗೆ ಹಳ್ಳಿತನ ಇನ್ನೂ ಪೂರ್ತಿ ಬಿಟ್ಟಿಲ್ಲ, ಪಟ್ಟಣತನ ಪೂರ್ತಿ ಬಂದಿಲ್ಲ. ಚರಂಡಿ, ಕಸ ವಿಲೇವಾರಿ, ಬಡಾವಣೆಗಳ ರಸ್ತೆಗಳನ್ನು ಹೊಸದಾಗಿ ರೂಪಿಸಬೇಕಾದ ಹಂತವಿದು. 1915ರಲ್ಲಿ ಇಲ್ಲಿ ಪತ್ತೆಯಾದ ಶಾಸನ, 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದನ್ನು ಜಗತ್ತಿಗೆ ದೃಢಪಡಿಸಿತು ಎಂಬುದನ್ನು ಶಾಲಾ ಮಕ್ಕಳೂ ಬಲ್ಲರು. ಆ ಶಾಸನದ ಉಳಿದ ಮಾತು ಅಷ್ಟು ಪ್ರಚಾರದಲ್ಲಿಲ್ಲ. ಈ ಸಾಧನೆ ದೊಡ್ಡವರಿಗೆ ಮಾತ್ರ ಎಂದು ಭಾವಿಸಬಾರದು, ಸಣ್ಣವರಿಗೂ ಅದು ಸಾಧ್ಯ, ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ಭಾವ. ಅಶೋಕ ಹೇಳಿದ್ದು ಧರ್ಮಾಚರಣೆಯ ಕುರಿತು, ಪುರಸಭೆಯ ಕುರಿತಲ್ಲ. ಆದರೂ ಸಣ್ಣವರನ್ನು ಹೊರಗಿಡಬಾರದೆಂಬ ಮಾತು ಈ ಊರಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ.

ಮೆರವಣಿಗೆಯೇ ಸಹಭಾಗಿತ್ವವಲ್ಲ

ಯುವಜನರಿಗೆ ಕಾರ್ಯಕ್ರಮಗಳ ಕೊರತೆಯಿಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜುಗಳಲ್ಲಿದೆ. 1972ರಲ್ಲಿ ಹುಟ್ಟಿದ ನೆಹರು ಯುವ ಕೇಂದ್ರಗಳು ಅಂತರರಾಜ್ಯ ಯುವ ವಿನಿಮಯ ಶಿಬಿರಗಳನ್ನೂ ನಡೆಸಿವೆ. ಅವುಗಳಲ್ಲಿ ಉಡುಗೆ, ಅಡುಗೆ, ಜನಪದ ನೃತ್ಯಗಳ ವಿನಿಮಯಕ್ಕೆ ಸಿಕ್ಕ ಪ್ರಾಧಾನ್ಯ ನಗರದ ನಲ್ಲಿ, ಚರಂಡಿ, ಬಜೆಟ್‌ಗಳಿಗೆ ಸಿಕ್ಕಿಲ್ಲ. ಸ್ವಚ್ಛತಾ ಜಾಥಾದಲ್ಲಿ ಫಲಕ ಹಿಡಿದು ನಡೆಯುವ ವಿದ್ಯಾರ್ಥಿಗಳಿಗೆ, ಸಂಗ್ರಹಿಸಿದ ಕಸ ಎಲ್ಲಿಗೆ ಹೋಗುತ್ತದೆಂದು ಕೇಳುವ ಅವಕಾಶ ವಿರಳ.

ಮಕ್ಕಳ ಸಹಭಾಗಿತ್ವವನ್ನು ಅಧ್ಯಯನ ಮಾಡಿದ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಇದನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಕಿರಿಯರನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು ಕೆಳಗಿನ ಮೂರು ಮೆಟ್ಟಿಲುಗಳು. ಅವು ಸಹಭಾಗಿತ್ವವೇ ಅಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಮಾತು ಕೇಳಿಸಿಕೊಂಡ ಮೇಲೆ ಅದರಿಂದ ಏನಾಯಿತು ಎಂದು ಹಿಂದಿರುಗಿ ತಿಳಿಸಿದಾಗಲೇ ಏಣಿ ಹತ್ತಿದಂತೆ.

ತೆರೆದಿರುವ ಬಾಗಿಲು

ಹೊಸ ಕಾನೂನಿಗಾಗಿ ಕಾಯದೆ ಮಾಡಬಹುದಾದ ಕೆಲಸವೂ ಇದೆ. 2006ರ ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್ ಸಿದ್ಧಪಡಿಸುವ ಮುನ್ನ ಸಾರ್ವಜನಿಕರೊಂದಿಗೆ ಸಮಾಲೋಚನೆ ನಡೆಸಬೇಕು. 'ಆಯವ್ಯಯ ಪೂರ್ವಭಾವಿ ಸಭೆ' ಎಂದು ಕರೆಯುವ ಈ ಸಭೆಗೆ ಯಾರು ಬೇಕಾದರೂ ಹೋಗಬಹುದು. ಸಾಮಾನ್ಯವಾಗಿ ಅಲ್ಲಿ ಕಾಣುವುದು ಕೆಲವೇ ಹಿರಿಯ ಮುಖಗಳು. ಕಾಲೇಜೊಂದರ ಇಪ್ಪತ್ತು ವಿದ್ಯಾರ್ಥಿಗಳು ತಮ್ಮ ವಾರ್ಡುಗಳಲ್ಲಿ ನಡೆದು, ಉರಿಯದ ದೀಪ, ಒಡೆದ ನಲ್ಲಿಗಳ ಪಟ್ಟಿ ಹಿಡಿದು ಹೋದರೆ ಸಭೆಯ ಸ್ವರೂಪವೇ ಬದಲಾಗುತ್ತದೆ. ಮನವಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಮುಖ್ಯ. ಅದರ ಗತಿಯೇನಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ ಕೇಳಬಹುದು.

ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2015ರಿಂದ 'ಮೈ ಸಿಟಿ ಮೈ ಬಜೆಟ್' ಅಭಿಯಾನದ ಮೂಲಕ ನಾಗರಿಕರ ಬೇಡಿಕೆಗಳನ್ನು ಪಾಲಿಕೆಯ ಬಜೆಟ್‌ಗೆ ತಲುಪಿಸುವ ಪ್ರಯತ್ನ ಮಾಡಿತು. ಪುಣೆಯಲ್ಲಿ 2006ರಿಂದ ಇಂಥ ಪ್ರಯೋಗ ನಡೆದಿದೆ. ಎರಡೂ ಮಹಾನಗರಗಳು. 75 ಸಾವಿರ ಜನರ ಊರಿನಲ್ಲಿ ಇದು ಇನ್ನೂ ಸುಲಭವಾಗಬೇಕು. ಇಲ್ಲಿ ಪೌರಾಯುಕ್ತರ ಕಚೇರಿ ಬಹುತೇಕ ಎಲ್ಲರಿಗೂ ನಡೆದು ಹೋಗುವಷ್ಟು ಹತ್ತಿರ. ವಾರ್ಡ್ ಸದಸ್ಯರ ಮನೆ ಯಾವುದೆಂದು ಕೇಳಿದವರಿಗೆಲ್ಲ ಗೊತ್ತು.

ಯೂರೋಪಿನ ಮಾದರಿಯಿಂದ ಎರವಲು ಪಡೆಯಬೇಕಾದದ್ದು ಇಷ್ಟೇ: ಮೂರು ಊರುಗಳ ಕಾಲೇಜುಗಳು ವರ್ಷಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳನ್ನು ಅದಲುಬದಲು ಕಳುಹಿಸಿ, ಒಬ್ಬರ ಪಟ್ಟಣವನ್ನು ಇನ್ನೊಬ್ಬರು ನೋಡಿ ಪಟ್ಟಿ ಮಾಡುವಂತಾಗಬೇಕು. ದಿನವೂ ನೋಡಿ ರೂಢಿಯಾದ ತಿಪ್ಪೆ ಊರಿನವರ ಕಣ್ಣಿಗೆ ಬೀಳುವುದಿಲ್ಲ. ಹೊರಗಿನವರ ಕಣ್ಣಿಗೆ ಬೀಳುತ್ತದೆ. ಮಸ್ಕಿಯ ವಿದ್ಯಾರ್ಥಿಗಳು ಸಿಂಧನೂರಿನ ನೀರಿನ ಲೆಕ್ಕ ಕೇಳಿದರೆ, ತಮ್ಮೂರು ಮುಂದೆ ಎದುರಿಸಬೇಕಾದ ಪ್ರಶ್ನೆಯನ್ನೂ ಮುಂಚಿತವಾಗಿ ಕಲಿತಂತಾಗುತ್ತದೆ.

ಪುರಸಭೆಗೆ ಸ್ಪರ್ಧಿಸಲು 21 ವರ್ಷ ತುಂಬಿರಬೇಕು, ಮತ ಹಾಕಲು 18. ಪ್ರಶ್ನೆ ಕೇಳಲು ಮಾತ್ರ ಕಾನೂನು ವಯಸ್ಸನ್ನು ನಿಗದಿಪಡಿಸಿಲ್ಲ. ಪ್ರಶ್ನೆ ಕೇಳಲು ಒಂದು ಸಭೆ ಬೇಕು. ಹಳ್ಳಿಯಲ್ಲಿ ಇದ್ದ ಆ ಸಭೆಯನ್ನು ಪಟ್ಟಣಕ್ಕೂ ತರುವ ಹೊಣೆ ಈಗ ಪುರಸಭೆ, ಕಾಲೇಜು ಮತ್ತು ಹಿರಿಯ ನಾಗರಿಕರ ಮೇಲಿದೆ.